ಎರಡು ಇಂಚಿನ ಮರ್ಯಾದೆ

ಬದಿಯಡ್ಕ
೧೮ ನವೆಂಬರ್ ೨೦೨೪

ಪ್ರೀತಿಯ ಪೂಜಾ ಅಕ್ಕಾ,

ನಿನ್ನ ಕೆಮ್ಮು ಹೇಗಿದೆ? ಆ ಐರ್ಲೆಂಡಿನ ಗಾಳಿಗೆ ಕಿವಿ ಮುಚ್ಚಿಕೊಂಡು ಹೊರಡುತ್ತೀಯೋ ಅಥವಾ ಇಲ್ಲಿಯ ಹಾಗೆ ಒದ್ದೆ ತಲೆಯಲ್ಲೇ ಓಡುತ್ತೀಯೋ? ನಾವೆಲ್ಲ ಕ್ಷೇಮ ಎಂದು ಬರೆಯುವುದು ವಾಡಿಕೆ. ಬರೆದಿದ್ದೇನೆ ಎಂದುಕೊ. ಫೋನು ಮಾಡಿದರೆ ಮಾವ ಪಕ್ಕದಲ್ಲಿ ಕೂತು ಅರ್ಧ ಮಾತು ತಾವೇ ಆಡುತ್ತಾರೆ. ನಾನಂತೂ ಮೊಬೈಲ್ ಬಿಟ್ಟು ಏಳು ತಿಂಗಳಾಯಿತು, ಪಶ್ಚಾತ್ತಾಪವೂ ಇಲ್ಲ. ಅದಕ್ಕೇ ಈ ಕಾಗದವನ್ನು ನಿನ್ನ ಡೈವಿಂಗ್ ಸೂಟಿನ ಎಡಗೈ ಗವಸಿನೊಳಗೆ ತುರುಕುತ್ತಿದ್ದೇನೆ. ಕಾರಡ್ಕದ ನಮಿತಾ ನರ್ಸ್ ಕೆಲಸಕ್ಕೆಂದು ನಾಳೆ ಡಬ್ಲಿನ್ನಿಗೆ ಹೊರಡುತ್ತಾಳೆ, ಪೆಟ್ಟಿಗೆ ಅವಳ ಕೈಯಲ್ಲಿ.

ಅಲ್ಲಿಯ ಸಿದ್ಧ ಸೂಟುಗಳು ನಿನ್ನ ಗಿಡ್ಡ ಕಾಲಿಗೆ ಹೊಂದುವುದಿಲ್ಲ, ಜನವರಿಯಲ್ಲಿ ಸಂಶೋಧನೆಗೆ ಕಡಲಪಾಚಿ ತೆಗೆಯಲು ಒಂಬತ್ತು ಡಿಗ್ರಿ ನೀರಿಗೆ ಇಳಿಯಬೇಕು, ಚೆನ್ನೈಯಲ್ಲಿ ಅಳತೆಗೆ ಹೊಲಿಸಿ ಕಳಿಸಿ ಎಂದು ನೀನು ಬರೆದೆ. ಸರಳವಾದ ಮಾತು. ಆದರೆ ನಮ್ಮ ಮನೆಯಲ್ಲಿ ಹೆಣ್ಣುಮಕ್ಕಳ ಬಟ್ಟೆ ಎಂದರೆ ಅಮ್ಮನ ಅಣ್ಣನ ಖಾತೆ. ಮೂವತ್ತು ವರ್ಷ ಶಾಲೆಯ ಯೂನಿಫಾರ್ಮ್ ಮಾರಿದ ಪುರಂದರ ಮಾವನಿಗೆ ಬಟ್ಟೆಯ ವಿಷಯದಲ್ಲಿ ಗೊತ್ತಿಲ್ಲದ್ದು ಇರಲು ಸಾಧ್ಯವೇ? ಚೆನ್ನೈಯಿಂದ ಮೂರು, ಐದು, ಏಳು ಮಿಲಿಮೀಟರಿನ ಮೂರು ರಬ್ಬರ್ ತುಂಡುಗಳು ಮಾದರಿಗೆ ಬಂದವು. ಅವರು ಅವನ್ನು ಶರ್ಟಿನ ಬಟ್ಟೆಯಂತೆ ಬೆರಳಲ್ಲಿ ಉಜ್ಜಿ ನೋಡಿದರು. ನಾನು ವಾಚನಾಲಯದಿಂದ ತಂದ ಡೈವಿಂಗಿನ ಕಿರುಹೊತ್ತಗೆಯನ್ನು ಓದಿ ಹೇಳಿದೆ: ತಣ್ಣೀರಿಗೆ ಏಳೇ ಬೇಕು, ದಪ್ಪ ರಬ್ಬರು ತೇಲುತ್ತದೆ, ಅದಕ್ಕೆ ಸೊಂಟಕ್ಕೆ ಸೀಸದ ತೂಕ ಹೆಚ್ಚು ಕಟ್ಟಬೇಕು, ಅಷ್ಟೇ. ಆಶ್ಚರ್ಯವೆಂದರೆ ಮಾವ ಕೂಡಲೇ ಒಪ್ಪಿದರು. "ಏಳೇ ಇರಲಿ ಮಾರಾಯ್ತಿ. ದಪ್ಪ ಆದ್ರೆ ಒಳ್ಳೇದೇ, ಮೈ ಕಾಣುದಿಲ್ಲ." ವಿಜ್ಞಾನ ಗೆದ್ದಿತೆಂದು ಅಂದು ನಾನು ಎರಡು ಲೋಟ ಚಹಾ ಕುಡಿದೆ. ಮೂರ್ಖಳು.

ಸೂಟು ಬಂತು. ನನ್ನ ಬಟ್ಟೆ ನಿನಗೆ, ನಿನ್ನದು ನನಗೆ ಎಂದೂ ಸರಿಹೋಗುತ್ತಿತ್ತಲ್ಲ, ಹಾಗಾಗಿ ನಾನೇ ಪರೀಕ್ಷೆ ಮಾಡಿದೆ. ಗುಡ್ಡಕ್ಕೆ ಅಡ್ಡಲಾಗಿ ಕೊರೆದ ಸುರಂಗದ ನೀರು ಬಂದು ಬೀಳುವ ನಮ್ಮ ಟಾಂಕಿಗೆ ಮೀನಿನ ಗಾಡಿಯವನಿಂದ ಎರಡು ಬುಟ್ಟಿ ಐಸ್ ತಂದು ಸುರಿದು, ಸೂಟು ಹಾಕಿ ಇಳಿದೆ. (ಬಂಗುಡೆ ವಾಸನೆ ಬಂದರೆ ಕ್ಷಮಿಸು.) ಹಾಕಲು ಒಂದು ನಿಮಿಷವೂ ಬೇಕಾಗಲಿಲ್ಲ, ಆಗಲೇ ಸಂಶಯ ಬರಬೇಕಿತ್ತು. ಕೈ ಆಡಿಸಿದ ಹಾಗೆಲ್ಲ ಕುತ್ತಿಗೆಯಿಂದ ತಣ್ಣೀರು ನುಗ್ಗಿ ಬೆನ್ನಿನ ಮೇಲೆ ಹರಿದು ಕಾಲಿನಿಂದ ಹೊರಗೆ ಹೋಗುತ್ತಿತ್ತು. ಒಳಗೆ ಬಂದ ಸ್ವಲ್ಪ ನೀರು ಅಲ್ಲೇ ನಿಂತು ಮೈಯ ಬಿಸಿಗೆ ಬೆಚ್ಚಗಾಗಬೇಕು, ಸೂಟಿನ ಗುಟ್ಟೇ ಅದು. ಐದು ನಿಮಿಷಕ್ಕೆ ನನ್ನ ಹಲ್ಲು ಕಟಕಟ ಎನ್ನತೊಡಗಿತು. ಮಾವನ ಅಂಗಡಿಗೆ ಹೋಗಿ ಅಳತೆಯ ಕಾಗದ ಹುಡುಕಿದೆ. ನೀನು ಕಳಿಸಿದ ಹತ್ತೊಂಬತ್ತು ಅಂಕಿಗಳ ಪಕ್ಕದಲ್ಲಿ ಮಾವನ ದುಂಡಗಿನ ಅಕ್ಷರ. ಎದೆ, ಸೊಂಟ, ತೊಡೆ, ಎಲ್ಲದಕ್ಕೂ ಎರಡೆರಡು ಇಂಚು ಸೇರಿಸಲಾಗಿತ್ತು.

"ಯಾವ ಹುಡುಗಿಗಾದ್ರೂ ಎರಡಿಂಚು ಬಿಟ್ಟೇ ಕೊಡುದು ನಾವು. ಮೂರು ವರ್ಷ ಬರ್ತದೆ," ಎಂದರು. ಅಕ್ಕನಿಗೆ ಇಪ್ಪತ್ತಾರು, ಇನ್ನು ಬೆಳೆಯುವುದಿಲ್ಲ ಎಂದೆ. "ಬೆಳೆಯುದಲ್ಲ ವಿಜೇತಾ. ಮೈಗೆ ಅಂಟಿದ ಬಟ್ಟೆಯಲ್ಲಿ ಫೋಟೋ ಬಂದ್ರೆ ನಾಳೆ ಸಂಬಂಧ ಕೇಳ್ಲಿಕ್ಕೆ ಯಾರು ಬರ್ತಾರೆ?" ಅವಳು ಮರಗಟ್ಟಿ ಸತ್ತರೆ ಯಾರು ಬರುತ್ತಾರೆ ಎಂದು ಕೇಳಿದೆ. "ನಿನ್ನ ಪುಸ್ತಕದಲ್ಲಿ ಅದಕ್ಕೂ ಉತ್ತರ ಉಂಟಾ?" ಎಂದು ನಕ್ಕು ಗಿರಾಕಿಯ ಕಡೆ ತಿರುಗಿದರು. ಐರ್ಲೆಂಡಿನ ಮೀನುಗಳ ಮುಂದೆ ಕಾಪಾಡಬೇಕಾದ ಮಾನ ಅಂತೆ. ಎರಡು ಇಂಚು ಮಾನ, ಅಷ್ಟೇ ಅಗಲದ ಬುದ್ಧಿ.

ಅಮ್ಮನೋ, ಊರಿಗೆಲ್ಲ ರವಕೆ ಹೊಲಿಯುವ ರಾಜೀವಿ, ಅಂಗಡಿಯ ಮೂಲೆಯ ಹೊಲಿಗೆ ಮಿಷನ್ನಿನ ಮುಂದೆ ಕೂತು ಎಲ್ಲವನ್ನೂ ಕೇಳಿಸಿಕೊಂಡು ನೂಲು ಕಚ್ಚಿ ತುಂಡು ಮಾಡಿದಳು. ಅಣ್ಣನ ಎದುರು ಬಾಯಿ ಬಿಡದ ಇಂಥ ಹೆಂಗಸರ ಮೌನದ ಮೇಲೆಯೇ ಇಂಥ ಮನೆಗಳು ನಿಂತಿರುವುದು. ಮಾವನಿಗಿಂತ ಅವಳ ಮೇಲೆಯೇ ನನಗೆ ತಿರಸ್ಕಾರ ಹೆಚ್ಚು. ಮಾವನಿಗೆ ತಿಳಿಯದು, ಅವಳಿಗೆ ತಿಳಿಯುತ್ತದೆ.

ಹೊಸದು ಹೊಲಿಸಲು ಸಮಯವಿಲ್ಲ, ಇದನ್ನೇ ಕಳಿಸು ಎಂದು ಮಾವನ ಅಪ್ಪಣೆ. ಅಕ್ಕಾ, ಈ ಸೂಟು ಹಾಕಿ ನೀರಿಗೆ ಇಳಿಯಬೇಡ. ಜನವರಿಯ ಕೆಲಸ ತಪ್ಪಿದರೆ ತಪ್ಪಲಿ, ಒಂದು ವರ್ಷ ಹೋಗುತ್ತದೆ, ನೀನು ಇರುತ್ತೀ.

ಬೆಚ್ಚಗಿರು. ಮಾವನ ಆಶೀರ್ವಾದವನ್ನು ಅವರೇ ಫೋನಿನಲ್ಲಿ ಕೊಡುತ್ತಾರೆ, ನಾನು ಹೊರುವುದಿಲ್ಲ.

ನಿನ್ನ ತಂಗಿ,
ವಿಜೇತಾ

ಮರೆತದ್ದು: ಮರುದಿನ ಬೆಳಿಗ್ಗೆ ಬರೆಯುತ್ತಿದ್ದೇನೆ, ನಮಿತಾಳ ಜೀಪು ಹಾರನ್ ಹೊಡೆಯುತ್ತಿದೆ. ಮೇಲೆ ಅಮ್ಮನ ಬಗ್ಗೆ ಬರೆದದ್ದನ್ನು ಹೊಡೆದುಹಾಕಲು ಸಮಯವಿಲ್ಲ. ನಿನ್ನೆ ನಾನು ಇದನ್ನು ಬರೆದು ಮುಗಿಸಿದ ಮೇಲೆ, ಮಧ್ಯಾಹ್ನ ಮಾವ ಅಂಗಡಿಯಲ್ಲಿದ್ದಾಗ ಅವಳು ಮನೆಯ ಬಾಗಿಲು ಹಾಕಿ, ನನಗೆ ಸೂಟು ತೊಡಿಸಿ, ಗುಂಡುಸೂಜಿ ಚುಚ್ಚಿದರೆ ತೂತಾಗುತ್ತದೆಂದು ಬಟ್ಟೆ ಒಣಗಿಸುವ ಕ್ಲಿಪ್ಪು ಸಿಕ್ಕಿಸಿ ಗುರುತು ಮಾಡಿದಳು. ಬದಿಗಳನ್ನು ಕತ್ತರಿಸಿ, ಪಂಕ್ಚರ್ ಅಂಗಡಿಯ ಕೂಸಪ್ಪಣ್ಣನ ಗೋಂದು ಹಚ್ಚಿ, ಸೂಜಿ ಆಚೆ ಬದಿಗೆ ತೂರದ ಹಾಗೆ ಅರ್ಧ ದಪ್ಪಕ್ಕೆ ಮಾತ್ರ ಕೈಹೊಲಿಗೆ ಹಾಕಿದಳು. "ಅಣ್ಣನತ್ರ ಹೇಳ್ಬೇಡ" ಎಂದಳು, ಅಷ್ಟೇ. ಈಗ ಮುಂಜಾನೆ ಮತ್ತೆ ಐಸ್ ಹಾಕಿ ಅರ್ಧ ಗಂಟೆ ಕೂತೆ. ಒಂದು ಗುಟುಕು ನೀರು ಒಳಗೆ ಬಂತು, ನಿಂತಿತು, ಬೆಚ್ಚಗಾಯಿತು. ನಿನ್ನ ಡೈವಿಂಗ್ ಗುರುಗಳಿಗೆ ತೋರಿಸಿ, ಮೊದಲು ದಡದ ಹತ್ತಿರ ಇಳಿದು ನೋಡು. ಹಾಕಲು ಕಾಲು ಗಂಟೆ ಬೇಕು, ಬೈಯಬೇಡ. "ಉಸಿರಾಡ್ಲಿಕ್ಕೆ ಆಗ್ಬೇಕು, ನೀರಿಗೆ ಜಾಗ ಇರ್ಬಾರ್ದು" ಎಂಬುದು ಅವಳ ಲೆಕ್ಕ. ಕತ್ತರಿಸಿದ ಎರಡಿಂಚನ್ನು ಬಲಗೈ ಗವಸಿನಲ್ಲಿ ಇಟ್ಟಿದ್ದಾಳೆ, ಎಲ್ಲಾದರೂ ಹರಿದರೆ ತೇಪೆಗೆ.