ಬಾಗಿಲಿಗೆ ಅಂಟಿಸಿದ ತಪ್ಪು

ಸೋಮವಾರ, ಮಧ್ಯಾಹ್ನ

ತಂಗಿಗೆ,

ಪ್ರೀತಿಯ ಅಂತ ಬರೆಯಲು ಹೋಗಿ ಕೈ ನಿಂತಿತು, ಬೇಜಾರು ಮಾಡಿಕೊಳ್ಳಬೇಡ. ಫೋನ್ ಮಾಡಿದರೆ ನಿನ್ನ ತಣ್ಣಗಿನ ದನಿ ಕೇಳಿ ಇನ್ನಷ್ಟು ಉರಿಯುತ್ತದೆ. ಅದಕ್ಕೇ ಈ ಪತ್ರ, ನಿನ್ನ ಭಾವನ ಕೈಯಲ್ಲಿ.

ನೇರವಾಗಿ ಹೇಳುತ್ತೇನೆ. ಔಷಧಿ ಅಂಗಡಿಯವರ ಸಂಘದ ಅಧ್ಯಕ್ಷ ಸ್ಥಾನಕ್ಕೆ ನಿನ್ನ ಹೆಸರು ಹಾಕಿದ್ದಾರಂತೆ. ಹಿಂದಕ್ಕೆ ತೆಗೆದುಕೋ. ಅಪ್ಪನ ಅಂಗಡಿಯ ಗಲ್ಲಾದಲ್ಲಿ ಕೂತವಳು ನಾನು, ಇಷ್ಟು ವರ್ಷ ಸಂಘದ ಕುರ್ಚಿ ಮೇಜು ಜೋಡಿಸಿದವಳೂ ನಾನು. ನೀನು ಮಾಡಿದ್ದೇನು? ಒಂದು ತಪ್ಪು.

ಹೌದು ತಾನೆ? ಯಾರದೋ ಮಗುವಿನ ಜ್ವರಕ್ಕೆ ಸಿರಪ್ ಬದಲು ಅದೇ ಬಣ್ಣದ ಡಬ್ಬಿಯ ಡ್ರಾಪ್ಸ್ ಕೊಟ್ಟೆ. ಹನಿ ಲೆಕ್ಕದಲ್ಲಿ ಹಾಕುವ ಆ ಮದ್ದು ಅದೆಷ್ಟು ಗಾಢ, ಚಮಚದ ಲೆಕ್ಕದಲ್ಲಿ ಕುಡಿಸಿದರೆ ಏನಾಗುತ್ತದೆ ಅಂತ ನಮ್ಮಿಬ್ಬರಿಗೂ ಗೊತ್ತು. ಗೊತ್ತಾದ ಕೂಡಲೇ ನೀನು ನಿನ್ನ ಅಂಗಡಿ ಅರ್ಧಕ್ಕೇ ಮುಚ್ಚಿ ಆ ಮನೆಗೆ ಓಡಿದೆ, ಕುಡಿಸುವ ಮೊದಲೇ ಬಾಟಲಿ ವಾಪಸ್ ತಂದೆ. ಅಲ್ಲಿಗೆ ಸುಮ್ಮನಿದ್ದಿದ್ದರೆ ನರಪಿಳ್ಳೆಗೂ ತಿಳಿಯುತ್ತಿರಲಿಲ್ಲ. ನೀನೋ, ಅದನ್ನೆಲ್ಲ ಬರೆದು ಅಂಗಡಿಯ ಬಾಗಿಲಿಗೇ ಅಂಟಿಸಿದೆ. ಸಂಘದ ಸಭೆಯಲ್ಲಿ ಎದ್ದು ನಿಂತು, ನನ್ನಿಂದ ಹೀಗಾಯಿತು, ನಿಮ್ಮಲ್ಲೂ ಆ ಎರಡು ಡಬ್ಬಿ ಪಕ್ಕಪಕ್ಕ ಇದ್ದರೆ ಇವತ್ತೇ ಬೇರೆ ಇಡಿ ಅಂದೆ. ನಿನ್ನ ಮಾನ ಹೋಯಿತು ಅಂತ ನಾನು ಒಳಗೊಳಗೇ ಹಿಗ್ಗಿದೆ ಕಣೇ. ನೋಡಿದರೆ ಎಲ್ಲರೂ ಎದ್ದು ಚಪ್ಪಾಳೆ ತಟ್ಟಿದರು. ಮೈಯೆಲ್ಲ ಉರಿದುಹೋಯಿತು.

ಈಗ ನನ್ನ ಹಳೇ ಗಿರಾಕಿಗಳೂ ನಿನ್ನ ಗೂಡಿನಂಥ ಅಂಗಡಿಯ ಮುಂದೆ ಸಾಲು ನಿಲ್ಲುತ್ತಾರೆ. ಅಪ್ಪ ಊಟಕ್ಕೆ ಕೂತರೂ ನಿನ್ನದೇ ಮಾತು. ನಿನ್ನ ಭಾವನಿಗೆ ಕೆಮ್ಮು ಬಂದರೆ ವಾಕಿಂಗ್ ನಿನ್ನ ಬೀದಿಯ ಕಡೆಗೇ. ಹಿತ್ತಲ ಗಿಡ ಮದ್ದಲ್ಲ ಅನ್ನುತ್ತಾರಲ್ಲ, ಈ ಮನೆಯ ಹಿತ್ತಲ ಗಿಡ ನಾನೇ. ತಪ್ಪೇ ಮಾಡದವಳನ್ನು ಯಾರು ಕೇಳುತ್ತಾರೆ?

ನಿನ್ನ ಮೇಲೆ ಹೊಟ್ಟೆಕಿಚ್ಚು ನನಗೆ. ಬರೆದುಬಿಟ್ಟೆ. ಉತ್ತರ ಬೇಗ ಕೊಡು, ಭಾವ ಅಲ್ಲೇ ಕಾಯುತ್ತಾರೆ.

ಇಂತಿ, ನಿನಗಿಂತ ಮೊದಲು ಹುಟ್ಟಿದ ತಪ್ಪಿಗೆ,
ನಿನ್ನ ಅಕ್ಕ

ಹೇಳುವುದು ಮರೆತಿದ್ದೆ: ಮೊಮ್ಮಗುವಿಗೆ ಬೆಳಗಿನಿಂದ ಜ್ವರ. ಡಾಕ್ಟರ ಚೀಟಿ, ನನ್ನ ಅಂಗಡಿಯಿಂದ ತಂದ ಬಾಟಲಿ ಎರಡೂ ಭಾವನ ಚೀಲದಲ್ಲಿವೆ. ತಿರುಗಿಸಿ ತಿರುಗಿಸಿ ಓದಿದೆ, ಸರಿಯಾಗೇ ಇದೆ. ಆದರೂ ನೀನೊಮ್ಮೆ ನೋಡು. ನೀನು ಹೂಂ ಅನ್ನುವವರೆಗೆ ಮಗುವಿನ ಬಾಯಿಗೆ ಒಂದು ಹನಿಯನ್ನೂ ಹಾಕುವುದಿಲ್ಲ.