ಕ್ಷಮಿಸಿದ್ದಕ್ಕೆ ಹೊದಿಸಿದ ಶಾಲು

ರಸ್ತೆ ದೀಪಗಳ ಉಸ್ತುವಾರಿ ಹೊತ್ತಿರುವ ಮಾನ್ಯ ಅಧಿಕಾರಿಗಳೇ,

ನನ್ನ ಗಂಡನನ್ನು ಕೊಂದ ದೀಪದ ಕಂಬದ ಬಗೆಗಿನ ವಿಚಾರಣೆಯನ್ನು ತಾವು ಮುಚ್ಚಿದ್ದೀರಿ. ಕಾರಣ, ನಾನು ಕ್ಷಮಿಸಿದ್ದೇನಂತೆ. ಕ್ಷಮಿಸಿದ್ದು ನಿಜ. ಆದರೆ ತಮ್ಮನ್ನಲ್ಲ. ಈ ಸಣ್ಣ ತಿದ್ದುಪಡಿಗಾಗಿ ಈ ಪತ್ರ. ತಮ್ಮ ಕಚೇರಿಯ ಸಮಾರಂಭದಲ್ಲಿ ನನಗೆ ಹೊದಿಸಿದ ಶಾಲನ್ನೂ ಬೇರೆಯಾಗಿ ಹಿಂದಿರುಗಿಸುತ್ತಿದ್ದೇನೆ. ಒಂದೇ ಸಲ ಹೊದ್ದದ್ದು. ಒಗೆದು ಇಸ್ತ್ರಿ ಮಾಡಿಸಿದ್ದೇನೆ. ಮುಂದಿನ ವಿಧವೆಗೆ ಉಪಯೋಗಕ್ಕೆ ಬಂದೀತು.

ತಮಗೆ ಕನ್ನಡ ಬಾರದು ಎಂದು ಬಲ್ಲೆ. ವಿಚಾರಣೆ ಮತ್ತೆ ತೆರೆಯಿರಿ ಎಂದು ಮರಾಠಿಯಲ್ಲಿ ಬರೆದೆ, ಉತ್ತರ ಬರಲಿಲ್ಲ. ಇಂಗ್ಲಿಷಿನಲ್ಲಿ ಬರೆದೆ, ಅದಕ್ಕೂ ಬರಲಿಲ್ಲ. ಅಂದಮೇಲೆ ತೊಂದರೆ ಭಾಷೆಯದ್ದಲ್ಲ ಎಂದು ಮನದಟ್ಟಾಗಿ, ನನಗೆ ಸಲೀಸಾದ ಭಾಷೆಯಲ್ಲಿ, ನಮ್ಮವರು ಓದುವ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ತಮ್ಮ ಕಚೇರಿಯ ಎದುರಿನ ಉಡುಪಿ ಹೋಟೆಲಿನ ಕ್ಯಾಶ್ ಕೌಂಟರಿನ ಮೇಲೆ ಈ ಪತ್ರಿಕೆ ದಿನವೂ ಇರುತ್ತದೆ. ಇಡ್ಲಿ ತಿನ್ನಲು ಹೋದಾಗ ಯಾರಿಂದಾದರೂ ಓದಿಸಿಕೊಳ್ಳಬಹುದು.

ನಡೆದದ್ದು ಇಷ್ಟು. ಕಳೆದ ಮಳೆಗಾಲದ ಒಂದು ಸಂಜೆ ಆಂಟಾಪ್ ಹಿಲ್‌ನ ನಮ್ಮ ಕಾಲನಿಯ ತಿರುವಿನಲ್ಲಿ ಮೊಣಕಾಲಿನವರೆಗೆ ನೀರು ನಿಂತಿತ್ತು. ನನ್ನ ಗಂಡ ಸುಹಾಸ ವಡಾಲ ಸ್ಟೇಷನ್ನಿನಿಂದ ನಡೆದು ಬರುತ್ತಿದ್ದರು. ಒಂದು ಚಪ್ಪಲಿ ಕೆಸರಿನಲ್ಲಿ ಸಿಕ್ಕಿಕೊಂಡಿತು. ಅದನ್ನು ಎಳೆಯಲು ಬಗ್ಗಿ, ಆಸರೆಗೆ ದೀಪದ ಕಂಬ ಹಿಡಿದರು. ಕಂಬದ ಬುಡದಲ್ಲಿರುವ ಪೆಟ್ಟಿಗೆಯ ಬಾಗಿಲು ತೆರೆದಿತ್ತು, ಒಳಗಿನ ಕರೆಂಟು ತಂತಿಗೆ ಹೊದಿಕೆಯಿರಲಿಲ್ಲ. ‘ಮೃತರು ಕಂಬವನ್ನು ಮುಟ್ಟಿದ್ದರಿಂದ ಸಾವು ಸಂಭವಿಸಿದೆ’ ಎಂದು ತಮ್ಮ ಪ್ರಾಥಮಿಕ ವರದಿ ಹೇಳುತ್ತದೆ. ಅದೂ ಸುಳ್ಳಲ್ಲ. ಅವರು ಮುಟ್ಟದೆ ಇದ್ದಿದ್ದರೆ ಕಂಬ ತನ್ನ ಪಾಡಿಗೆ ಇನ್ನೊಬ್ಬರಿಗಾಗಿ ಕಾಯುತ್ತಿತ್ತು. ನಾನು ವರ್ಷಗಟ್ಟಲೆ ಬಂದರಿನ ಬಳಿಯ ಒಂದು ಆಫೀಸಿನಲ್ಲಿ ಟೈಪಿಸ್ಟ್ ಆಗಿದ್ದವಳು. ಇಂಥ ವಾಕ್ಯಗಳು ನನಗೆ ಹೊಸವಲ್ಲ. ಅವುಗಳಲ್ಲಿ ಏನಾದರೂ ಮಾಡಿದವನು ಸತ್ತವನೊಬ್ಬನೇ, ಉಳಿದವರೆಲ್ಲ ಸುಮ್ಮನೆ ಹುದ್ದೆಯಲ್ಲಿದ್ದವರು. ನನಗಂತೂ ಬಹಳ ದಿನ ಆ ಚಪ್ಪಲಿಯ ಮೇಲೇ ಸಿಟ್ಟಿತ್ತು.

ಇನ್ನು ಕ್ಷಮೆಯ ವಿಷಯ. ನಾವು ಉಡುಪಿ ಕಡೆಯ ಪ್ರಾಟೆಸ್ಟೆಂಟ್ ಕ್ರೈಸ್ತರು. ವಡಾಲದ ಚರ್ಚಿನಲ್ಲಿ ನಮ್ಮದೊಂದು ಚಿಕ್ಕ ಕನ್ನಡ ಸಭೆಯಿದೆ. ತಿಂಗಳ ಮೊದಲ ಭಾನುವಾರ ಅಲ್ಲಿ ಕರ್ತನ ಭೋಜನ, ಅಂದರೆ ಯೇಸುವಿನ ನೆನಪಿನಲ್ಲಿ ರೊಟ್ಟಿಯನ್ನೂ ದ್ರಾಕ್ಷಾರಸವನ್ನೂ ಹಂಚಿಕೊಳ್ಳುವ ಆರಾಧನೆ. ಒಂದು ವಾರ ಮೊದಲೇ ಸಭಾಪಾಲಕರಾದ ಪಾದ್ರಿಗಳು ಪ್ರಕಟಣೆ ಮಾಡುತ್ತಾರೆ: ಯಾರ ಮೇಲಾದರೂ ಮನಸ್ಸಿನಲ್ಲಿ ಕಹಿಯಿದ್ದರೆ ಈ ವಾರದಲ್ಲೇ ಸರಿಮಾಡಿಕೊಳ್ಳಿ, ಕಹಿ ಇಟ್ಟುಕೊಂಡು ಭೋಜನದ ಮೇಜಿಗೆ ಬರಬೇಡಿ. ಹಾಗಾಗಿ ಆ ವಾರ ನಮ್ಮವರು ಒಬ್ಬರ ಮನೆಗೊಬ್ಬರು ಹೋಗುತ್ತಾರೆ. ತಪ್ಪು ಮಾಡಿದವರು ಏನು ಮಾಡಿದೆ ಎಂದು ಬಾಯಿಬಿಟ್ಟು ಹೇಳಬೇಕು. ನೊಂದವರು ಕ್ಷಮಿಸಿದೆ ಎಂದು ಬಾಯಿಬಿಟ್ಟು ಹೇಳಬೇಕು. ಆಮೇಲೆ ಚಾ. ಸಯನ್‌ನಲ್ಲಿರುವ ನನ್ನ ನಾದಿನಿಯೂ ನಾನೂ ಒಂದು ಪ್ರೆಶರ್ ಕುಕ್ಕರಿನ ವಿಷಯಕ್ಕೆ ಹಲವು ವರ್ಷ ಹೀಗೆ ಚಾ ಕುಡಿದಿದ್ದೇವೆ.

ಸಾಯಬಣ್ಣ ಬಂದದ್ದು ಅಂಥ ಒಂದು ವಾರದಲ್ಲೇ. ಅವನು ತಮ್ಮ ಗುತ್ತಿಗೆದಾರರ ಕೈಕೆಳಗಿದ್ದ ವೈರ್‌ಮನ್, ಕಲಬುರಗಿ ಕಡೆಯವನು. ಈ ಪ್ರಕರಣದಲ್ಲಿ ಬಂಧನವಾದದ್ದು ಅವನೊಬ್ಬನದೇ. ಜಾಮೀನಿನ ಮೇಲೆ ಹೊರಬಂದವನು ಹೆಂಡತಿಯೊಂದಿಗೆ ನಮ್ಮ ಬಾಗಿಲಲ್ಲಿ ನಿಂತ. ನಮ್ಮ ಸಭೆಯ ಪದ್ಧತಿ ಅವನಿಗೇನು ಗೊತ್ತು? ತಾನಾಗಿಯೇ ಬಂದಿದ್ದ.

“ಪೆಟಗಿ ಬಾಗ್ಲಾ ನಾನೇ ತೆರದು ಬಿಟ್ಟಿದ್ದೆ ರೀ ಅವ್ವಾ. ತಂತಿಗಿ ಸುತ್ತೂ ಟೇಪ್ ಮುಗದಿತ್ತು. ಸಾಹೇಬ್ರು ನಾಳಿಗಿ ಮಾಡೂಣು, ನಡಿ ಅಂದ್ರು. ನಾ ನಡದ್ಬಿಟ್ಟೆ. ತಪ್ಪು ನಂದೇ ಅದ.”

ಅವನನ್ನು ಹೊಡೆಯಬೇಕು ಎನಿಸಿತು. ಮಾನ್ಯರೇ, ಕ್ಷಮೆ ಎಂದರೆ ಮೆದು ಮನಸ್ಸಿನ ಹೆಂಗಸರು ಕುಳಿತಲ್ಲೇ ಮಾಡಿಬಿಡುವ ಕೆಲಸ ಎಂದು ತಾವು ತಿಳಿದಂತಿದೆ. ನನಗೆ ಅವನ ಮುಖ ನೋಡಲೂ ಆಗಲಿಲ್ಲ, ಅವನ ಹೆಂಡತಿಯ ಕಾಲಿನ ಕಡೆ ನೋಡುತ್ತ ನಿಂತಿದ್ದೆ. ಆಮೇಲೆ ಹೇಳಿದೆ: “ನಾನು ನಿಮ್ಮನ್ನು ಕ್ಷಮಿಸಿದ್ದೇನೆ. ಒಳಗೆ ಬನ್ನಿ, ಚಾ ಕುಡ್ದು ಹೋಗಿ.”

ಮಗಳು ವೈಶಾಲಿ ಅಡುಗೆಮನೆಯಿಂದ ಕೂಗಿದಳು: “ಮಮ್ಮಿ, ನಾನು ಮಾಫ್ ಮಾಡಿಲ್ಲ, ಓಕೆ? ಚಾ ನೀನೇ ಮಾಡು.”

ನಾನೇ ಮಾಡಿದೆ. ಸಕ್ಕರೆ ಹಾಕಲು ಮರೆತಿದ್ದೆ. ಅವರಿಬ್ಬರೂ ಹಾಗೇ ಕುಡಿದರು.

ಪಕ್ಕದ ಮನೆಯ ಹಿತೇಶ್ ಭಾಯಿ ಬಾಗಿಲ ಬಳಿ ನಡೆದದ್ದನ್ನೆಲ್ಲ ಮೊಬೈಲಿನಲ್ಲಿ ಹಿಡಿದು ಊರಿಗೇ ಹಂಚಿದರು. ಅದು ತಮ್ಮ ಕಚೇರಿಗೂ ತಲುಪಿತು. ತಾವು ಬಹಳ ಭಾವುಕರಾದಿರಿ. ಸುರಕ್ಷತಾ ಸಪ್ತಾಹದ ಸಮಾರಂಭಕ್ಕೆ ನನ್ನನ್ನು ಕರೆಸಿ, ಶಾಲು ಹೊದಿಸಿ, ತೆಂಗಿನಕಾಯಿ ಕೊಟ್ಟು, ಮೈಕಿನಲ್ಲಿ ಹೇಳಿದಿರಿ: “ಮೇಡಂ ನೇ ಮಾಫ್ ಕರ್ ದಿಯಾ, ಅಬ್ ಹಮ್ ಕೌನ್ ಹೋತೇ ಹೈ?” ಮೇಡಮ್ಮೇ ಕ್ಷಮಿಸಿರುವಾಗ ಇನ್ನು ನಾವ್ಯಾರು ಎಂಬ ವಿನಯ. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ಪೆದ್ದಿಯ ಹಾಗೆ ಕೈ ಮುಗಿದೆ. ಆ ವಿನಯದ ಅರ್ಥ ವಿಚಾರಣೆ ಮುಗಿಯಿತು ಎಂದು ತಿಳಿದದ್ದು ಮರುವಾರ. ‘ಮೃತರ ಕುಟುಂಬದ ಉದಾರ ಕ್ಷಮೆಯ ಹಿನ್ನೆಲೆಯಲ್ಲಿ’ ಇನ್ನು ಯಾರನ್ನೂ ಪ್ರಶ್ನಿಸುವ ಅಗತ್ಯ ಕಂಡುಬಂದಿಲ್ಲವಂತೆ.

ಯಾವ ಕುಟುಂಬ, ಮಾನ್ಯರೇ? ಮಗಳು ಕ್ಷಮಿಸಿಲ್ಲ ಎಂದು ಅಡುಗೆಮನೆಯಿಂದ ಕೂಗಿದ್ದು ಆ ವಿಡಿಯೋದಲ್ಲೇ ಕೇಳಿಸುತ್ತದೆ. ಯಾರಿಗೆ ಸಿಕ್ಕಿತು ನನ್ನ ಕ್ಷಮೆ? ಸಾಯಬಣ್ಣನ ಮೇಲಿನ ಪೊಲೀಸ್ ಕೇಸು ಹಾಗೇ ಇದೆ, ಕೆಲಸವೂ ಹೋಗಿದೆ. ನಾಳೆ ಮಾಡೋಣ ನಡಿ ಎಂದ ಸಾಹೇಬರು ಮಾತ್ರ ಆರಾಮಾಗಿದ್ದಾರೆ. ಟೇಪು ಕೊಡದ ಗುತ್ತಿಗೆದಾರರು ಈಗ ಪಕ್ಕದ ರಸ್ತೆಯ ದೀಪಗಳನ್ನೂ ನೋಡಿಕೊಳ್ಳುತ್ತಿದ್ದಾರೆ. ನಾನು ಕ್ಷಮೆ ಕೊಟ್ಟದ್ದು ಒಬ್ಬನಿಗೆ, ತಾವು ಅದನ್ನು ಅವನೊಬ್ಬನನ್ನು ಬಿಟ್ಟು ಮಿಕ್ಕವರಿಗೆಲ್ಲ ಹಂಚಿದ್ದೀರಿ. ಕ್ಷಮಿಸಿದೆ ಎಂದರೆ ಏನೂ ನಡೆದಿಲ್ಲ ಎಂದು ಯಾವ ಸಭಾಪಾಲಕರು ತಮಗೆ ಬೋಧಿಸಿದರು? ನಡೆದಿದೆ ಎಂಬುದಕ್ಕೇ ಅಲ್ಲವೇ ಕ್ಷಮೆ ಬೇಕಾದದ್ದು? ಪೆಟ್ಟಿಗೆಯ ಬಾಗಿಲನ್ನು ಈಗ ನೀಲಿ ಪ್ಲಾಸ್ಟಿಕ್ ಹಗ್ಗದಿಂದ ಕಟ್ಟಿದ್ದಾರೆ. ಅದರ ಪಕ್ಕದಲ್ಲೇ ಮಕ್ಕಳು ಸ್ಕೂಲ್ ಬಸ್ಸಿಗೆ ಕಾಯುತ್ತಾರೆ. ನನ್ನ ಕ್ಷಮೆಯಿಂದ ಆ ತಂತಿಯಲ್ಲಿ ಕರೆಂಟು ಕಡಿಮೆಯಾಗಿಲ್ಲ.

ಇಷ್ಟಾದ ಮೇಲೂ ತಮ್ಮನ್ನು ಕ್ಷಮಿಸಲು ನಾನು ಪ್ರಯತ್ನಪಟ್ಟೆ. ಪ್ರಕಟಣೆಯ ವಾರ ತಮ್ಮ ಕಚೇರಿಗೇ ಬಂದೆ. ತಪ್ಪು ಯಾರದ್ದೆಂದು ಹೇಳಿ, ಕ್ಷಮಿಸಿ ಹೋಗುತ್ತೇನೆ ಎಂದೆ. ಒಬ್ಬರು ಕಂಬ ನಮ್ಮದು, ಪೆಟ್ಟಿಗೆ ಬೇರೆಯವರದ್ದು ಎಂದರು. ಪೆಟ್ಟಿಗೆಯವರು ನಿಂತ ನೀರಿನ ಕಡೆ ಬೆರಳು ತೋರಿಸಿದರು. ನೀರಿನ ಇಲಾಖೆಯವರು ಮಳೆಯ ಕಡೆ ತೋರಿಸಿದರು. ಕೊನೆಯ ಕೌಂಟರಿನಲ್ಲಿದ್ದ ಹುಡುಗಿ ಪಾಪ, ನೀರು ಕೊಟ್ಟು, “ಆಂಟಿ, ಇಥೇ ಕೋಣೀ ನಾಹೀ” ಎಂದಳು. ಇಲ್ಲಿ ಯಾರೂ ಇಲ್ಲ. ಅಷ್ಟು ದೊಡ್ಡ ಕಚೇರಿಯಲ್ಲಿ ಕ್ಷಮಿಸಲು ಒಬ್ಬ ಮನುಷ್ಯ ಸಿಗಲಿಲ್ಲ.

ಇದರಿಂದ ನನಗಾಗಿರುವ ತೊಂದರೆ ತಮಗೆ ಕ್ಷುಲ್ಲಕ ಎನಿಸಬಹುದು. ಸಾಯಬಣ್ಣನ ಮೇಲೆ ನನಗೆ ಕಹಿಯಿಲ್ಲ. ತಮ್ಮ ಮೇಲಿದೆ. ಇದ್ದದ್ದನ್ನು ಇಲ್ಲ ಎಂದು ದೇವರ ಮುಂದೆ ಹೇಳಲಾರೆ. ಹಾಗಾಗಿ ಶಾಲು ಹೊದಿಸಿಕೊಂಡ ಮೇಲೆ ಕರ್ತನ ಭೋಜನಕ್ಕೆ ನಾನು ಎದ್ದು ಹೋಗಿಲ್ಲ. ಸುಹಾಸ ಮತ್ತು ನಾನು ಮದುವೆಯಾದ ಲಾಗಾಯ್ತು ಆ ಮೇಜಿನ ಮುಂದೆ ಒಟ್ಟಿಗೆ ಮೊಣಕಾಲೂರುತ್ತಿದ್ದೆವು. ಅವರು ಹೋದ ಮೇಲೂ ಅಲ್ಲಿ ಮಾತ್ರ ಅವರು ಪಕ್ಕದಲ್ಲಿದ್ದಾರೆ ಎನಿಸುತ್ತಿತ್ತು. ಈಗ ಕೊನೆಯ ಬೆಂಚಿನಲ್ಲಿ ಕುಳಿತು ಉಳಿದವರು ಹೋಗಿಬರುವುದನ್ನು ನೋಡುತ್ತೇನೆ. ನನ್ನ ಗಂಡನನ್ನು ಎರಡು ಸಲ ಕಳೆದುಕೊಂಡಿದ್ದೇನೆ. ಮೊದಲನೆಯದಕ್ಕೆ ಕ್ಷಮೆ ಕೇಳಲು ಒಬ್ಬ ಬಂದ.

ಆದ್ದರಿಂದ ನನ್ನ ಬೇಡಿಕೆ: ಪೆಟ್ಟಿಗೆಗೆ ಸರಿಯಾದ ಬಾಗಿಲು ಹಾಕಿಸಿ. ವಿಚಾರಣೆಯನ್ನು ಮತ್ತೆ ತೆರೆಯಿರಿ, ತಪ್ಪಿಗೆ ಕಾನೂನು ಏನು ಹೇಳುತ್ತದೋ ಅದು ಆಗಲಿ. ಅದು ನನ್ನ ಕೈಯಲ್ಲೂ ಇಲ್ಲ, ತಮ್ಮ ಕೈಯಲ್ಲೂ ಇಲ್ಲ. ಕೊನೆಯದಾಗಿ, ಬರುವ ತಿಂಗಳ ಮೊದಲ ಭಾನುವಾರದೊಳಗೆ ತಮ್ಮ ಕಚೇರಿಯಿಂದ ಒಬ್ಬ ಮನುಷ್ಯನನ್ನು ಕಳಿಸಿಕೊಡಿ. ತಾವೇ ಬಂದರೂ ಅಡ್ಡಿಯಿಲ್ಲ. ಬಾಗಿಲಲ್ಲಿ ನಿಂತು, ಮಾಡಿದ್ದೇನೆಂದು ಬಾಯಿಬಿಟ್ಟು ಹೇಳಿ. ಆಗ ಕ್ಷಮಿಸುವುದು ನನ್ನಿಂದ ಆಗುತ್ತದೋ ಇಲ್ಲವೋ ಈಗಲೇ ಹೇಳಲಾರೆ, ಆದರೆ ಒಬ್ಬನ ವಿಷಯದಲ್ಲಿ ಆಗಿದೆ. ಈ ಸಲ ಚಾಕ್ಕೆ ಸಕ್ಕರೆ ಹಾಕಲು ಮರೆಯುವುದಿಲ್ಲ.

ಇಂತಿ,
ಕೊನೆಯ ಬೆಂಚಿನಲ್ಲಿ ತಮಗಾಗಿ ಕಾಯುತ್ತಿರುವ
ವಸಂತಿ ಸುಹಾಸ
ಆಂಟಾಪ್ ಹಿಲ್