ನಾಲ್ಕು ಗಂಟೆಯವರೆಗೆ ಕಾದ ಮಣ್ಣು

ಸಂಜಯನಗರ, ಬೆಂಗಳೂರು
೮ ಡಿಸೆಂಬರ್ ೨೦೨೪, ಭಾನುವಾರ

ಪ್ರೀತಿಯ ತಮ್ಮ ಶರಣುವಿಗೆ, ನಿನ್ನ ಅಕ್ಕ ಮನಸಾರೆ ಮಾಡುವ ಆಶೀರ್ವಾದ.

ಹೇಗಿದ್ದೀಯಪ್ಪಾ? ಪುಣೆಯಲ್ಲಿ ಚಳಿ ಜೋರು ಎಂದು ಟಿವಿಯಲ್ಲಿ ಹೇಳಿದರು. ಕೆಮ್ಮು ಹೋಯಿತೇ? ಮಾತ್ರೆಗಳನ್ನು ಹೊತ್ತಿಗೆ ಸರಿಯಾಗಿ ತೆಗೆದುಕೊಳ್ಳುತ್ತಿದ್ದೀ ತಾನೆ? ಅವು ಯಾವುದರ ಮಾತ್ರೆ ಎಂದು ಇಷ್ಟು ವರ್ಷ ನಾನು ಒಂದು ಸಲವೂ ಕೇಳಲಿಲ್ಲ. ಕೇಳಿದರೆ ನೀನು ಹೇಳಿಬಿಡುತ್ತೀಯಲ್ಲ ಎಂಬ ಹೆದರಿಕೆ. ನಾನು ಆರಾಮಾಗಿದ್ದೇನೆ, ಮಂಡಿನೋವು ಬಿಟ್ಟರೆ. ನಮ್ಮ ಮನೆಯವರು, ಅದೇ ನಿಮ್ಮ ಮಾಮಾ, ದಿನಕ್ಕೆ ಎರಡು ಸಲ ವಾಕಿಂಗ್ ಹೋಗುತ್ತಾರೆ, ಬರುವಾಗ ಮಿರ್ಚಿ ತಿಂದು ಬರುತ್ತಾರೆ. ಫೋನ್ ಬಿಟ್ಟು ಇದೇನು ಪತ್ರ ಎಂದುಕೊಳ್ಳಬೇಡ. ಫೋನಿನಲ್ಲಿ ನೀನು ಎರಡು ಮಾತಾಡಿ ಇಟ್ಟುಬಿಡುತ್ತೀ. ನನಗೆ ಇಪ್ಪತ್ತೈದು ವರ್ಷದಿಂದ ಗಂಟಲಲ್ಲಿ ನಿಂತ ಒಂದು ಮಾತಿದೆ. ಅದನ್ನು ಓದಿದ ಮೇಲೆ ನೀನು ನನ್ನನ್ನು ಅಕ್ಕ ಎಂದು ಕರೆಯುತ್ತೀಯೋ ಇಲ್ಲವೋ ಗೊತ್ತಿಲ್ಲ. ಆದರೂ ಹೇಳಲೇಬೇಕು.

ಹೋದ ಸೋಮವಾರ ಮಗಳು ಐಶ್ವರ್ಯ ನನ್ನನ್ನು ಸೋಲದೇವನಹಳ್ಳಿಗೆ, ಅವಳು ಪಾಠ ಮಾಡುವ ಕಾಲೇಜಿಗೆ ಕರೆದುಕೊಂಡು ಹೋಗಿದ್ದಳು. ಏಡ್ಸ್ ದಿನದ ಕಾರ್ಯಕ್ರಮ, ಒಂದು ಸಿನಿಮಾ ಇದೆ, ಮನೆಯಲ್ಲಿ ಕೂತು ಧಾರಾವಾಹಿ ನೋಡುವ ಬದಲು ಬಾ ಎಂದಳು. ಯಾವುದೋ ಹೊರದೇಶದ ಸಿನಿಮಾ, ಮಕ್ಕಳೇ ಕೂತು ಕೆಳಗೆ ಕನ್ನಡ ಬರೆದಿದ್ದರು. ನಾಲ್ಕು ಜನ ಗಂಡುಹುಡುಗರು ಒಂದೇ ಮನೆಯಲ್ಲಿರುತ್ತಾರೆ. ಗಂಡುಹುಡುಗರನ್ನೇ ಪ್ರೀತಿಸುವವರು. ಮೊದಲರ್ಧ ಬರೀ ನಗು, ಕುಣಿತ, ಅಡುಗೆಮನೆಯಲ್ಲಿ ಜಗಳ. ಆಮೇಲೆ ಒಬ್ಬನಿಗೆ ಜ್ವರ ಬರುತ್ತದೆ, ಇಳಿಯುವುದಿಲ್ಲ. ಉಳಿದವರು ಅವನಿಗೆ ಸ್ನಾನ ಮಾಡಿಸುತ್ತಾರೆ, ಗಂಜಿ ಕುಡಿಸುತ್ತಾರೆ. ಸತ್ತ ಮೇಲೆ ಎಲ್ಲಿದ್ದರೋ ಅವನ ಮನೆಯವರು ಬಂದು ಹೆಣ ತೆಗೆದುಕೊಂಡು ಹೋಗಿ, ಗೆಳೆಯರ ಮುಖಕ್ಕೆ ಬಾಗಿಲು ಹಾಕುತ್ತಾರೆ. ನನ್ನ ಮುಂದಿನ ಸಾಲಿನ ಹುಡುಗ ಪಕ್ಕದವನಿಗೆ, “ಎಂಥಾ ಜನ ಗುರು ಇವ್ರು, ಮನುಷ್ಯರಾ?” ಅಂದ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗಾಯಿತು ನನಗೆ. ಆ ಕತ್ತಲಲ್ಲೂ ಸೆರಗು ಮುಖಕ್ಕೆ ಎಳೆದುಕೊಂಡೆ.

ಬ್ಯಾಟರಾಯಪ್ಪ ನೆನಪಾದ. ನೀವು ಮೂವರೂ ಯಶವಂತಪುರದ ಫ್ಯಾಕ್ಟರಿಯಿಂದ ಶಿಫ್ಟ್ ಮುಗಿಸಿ ಮತ್ತಿಕೆರೆಯ ನಮ್ಮ ಬಾಡಿಗೆ ಮನೆಗೆ ಬರುತ್ತಿದ್ದಿರಿ. ನೀನು, ಸರ್ಫರಾಜ್, ಅವನು. ನನ್ನ ರೊಟ್ಟಿ ಬಡಿಯುವ ಸದ್ದಿಗೆ ಅವನು ಪರಾತದ ಮೇಲೆ ತಾಳ ಹಾಕುತ್ತಿದ್ದ. ಎಣ್ಣೆಗಾಯಿ ಮಾಡಿದರೆ ಏಳು ರೊಟ್ಟಿ. ನೀನು ಅವನನ್ನು ನೋಡುವ ರೀತಿ ನನಗೆ ಗೊತ್ತಾಗಿತ್ತು ಶರಣು. ನಿನ್ನನ್ನು ಎತ್ತಿ ಆಡಿಸಿದವಳಿಗೆ ಗೊತ್ತಾಗದೇ? ಗೆಳೆಯ, ಗೆಳೆಯ ಎಂದು ಎಲ್ಲರ ಮುಂದೆ ಹತ್ತು ಸಲ ಅಂದು ಅದನ್ನು ಮುಚ್ಚಿದೆ. ಅವನು ಸೊರಗತೊಡಗಿ, ರೋಗ ಯಾವುದೆಂದು ತಿಳಿದ ಮೇಲೆ, ನಾನು ಅಂಗಡಿಯಿಂದ ಪ್ಲಾಸ್ಟಿಕ್ ಕಪ್ಪು ತರಿಸಿದೆ. ನಿಮಗೆ ಸ್ಟೀಲ್ ಲೋಟದಲ್ಲಿ ಚಹಾ, ಅವನಿಗೆ ಕಪ್ಪಿನಲ್ಲಿ. ಅವನು ಅದನ್ನು ತಿರುಗಿಸಿ ನೋಡಿ, “ಮದ್ವೆ ಮನೆ ಟೀ ಕುಡ್ದಂಗಾಯ್ತು ಬುಡಕ್ಕ,” ಎಂದು ನಕ್ಕ. ಕುಡಿದಾದ ಮೇಲೆ ಕಪ್ಪನ್ನು ತಾನೇ ಹಿಂಡಿ ಹೊರಗೆ ಎಸೆದು ಬಂದ. ಮತ್ತೆ ನಮ್ಮ ಮನೆಗೆ ಬರಲಿಲ್ಲ. ನೀನು ಕೇಳಿದಾಗ, ಅವನಿಗೆ ನಡೆಯಲು ಆಗುತ್ತಿಲ್ಲವಂತೆ ಎಂದೆ.

ಸಿನಿಮಾ ಮುಗಿದ ಮೇಲೆ ಒಬ್ಬರು ಮಾತಾಡಲು ಎದ್ದರು. ಬಿಳಿ ಗಡ್ಡ, ದಪ್ಪ ಕನ್ನಡಕ. ಸರ್ಫರಾಜ್. ಈಗ ಆರ್.ಟಿ. ನಗರದಲ್ಲಿದ್ದಾನೆ, ಈ ರೋಗದವರನ್ನು ಆಸ್ಪತ್ರೆಗೆ ಕರೆದುಕೊಂಡು ಹೋಗುವ ಕೆಲಸ ಮಾಡುತ್ತಾನೆ. ಎಲ್ಲ ಮನೆಯವರೂ ಸಿನಿಮಾದವರ ಹಾಗಿರುವುದಿಲ್ಲ ಎಂದು ಶುರುಮಾಡಿ, ಹುಣಸಮಾರನಹಳ್ಳಿಯ ಒಬ್ಬ ತಾಯಿಯ ಕಥೆ ಹೇಳಿದ. ಹೆಸರು ಹೇಳಲಿಲ್ಲ, ಆದರೆ ನನಗೆ ತಿಳಿಯಿತು, ಬ್ಯಾಟರಾಯಪ್ಪನ ತಾಯಿ ಮುನಿಯಲ್ಲಮ್ಮ. ಮಗ ಸತ್ತ ದಿನ ಊರವರು ಬೇಗ ಮಣ್ಣು ಮಾಡಿ ಎಂದು ಅವಸರ ಮಾಡಿದರೂ ಆಕೆ ಗುಂಡಿಯ ಪಕ್ಕ ಕೂತು ಸಂಜೆ ನಾಲ್ಕರವರೆಗೆ ತಡೆದಳಂತೆ. “ಒಬ್ಬ ಬರ್ಬೇಕಾಗಿತ್ತು. ಬರ್ಲಿಲ್ಲ. ಅವನ ಮೇಲಿನ ಸಿಟ್ಟು ನನಗೆ ಇವತ್ತಿಗೂ ಹೋಗಿಲ್ಲ,” ಅಂದ. ಆಕೆ ಇನ್ನೂ ಬದುಕಿದ್ದಾಳಂತೆ, ಎಂಬತ್ತು ದಾಟಿದೆ. ಹೊಲವೆಲ್ಲ ಅಪಾರ್ಟ್‌ಮೆಂಟ್ ಆಗಿದೆ, ಮಗನನ್ನು ಹೂಳಿದ ಮೂಲೆಯನ್ನು ಮಾತ್ರ ಮಾರಲು ಬಿಟ್ಟಿಲ್ಲ. ನಾನು ಎದ್ದು ನಿಂತು ಒಂದು ಮಾತು ಹೇಳಬೇಕಾಗಿತ್ತು. ಐಶ್ವರ್ಯಳ ಕೈ ಹಿಡಿದು ಹಿಂದಿನ ಬಾಗಿಲಿನಿಂದ ಹೊರಗೆ ಬಂದೆ. ಈ ವಯಸ್ಸಿನಲ್ಲೂ ನನಗೆ ಮರ್ಯಾದೆಯ ಚಿಂತೆ. ನಾಚಿಕೆಯಾಗುತ್ತದೆ ಶರಣು.

ಬರೆಯಬೇಕೆಂದಿದ್ದದ್ದು ಇನ್ನೂ ಬರೆದಿಲ್ಲ. ನಿಮ್ಮ ಮಾಮಾ ಅಂಚೆಗೆ ಹಾಕಿ ಬರುತ್ತೇನೆ, ಬೇಗ ಕೊಡು ಎಂದು ಚಪ್ಪಲಿ ಮೆಟ್ಟಿ ನಿಂತಿದ್ದಾರೆ. ಐಶ್ವರ್ಯ ಸೋದರಮಾವನನ್ನು ಕೇಳಿದೆ ಎಂದು ಹೇಳಲು ಹೇಳಿದಳು. ಶೇಂಗಾ ಚಟ್ನಿಪುಡಿ ಬೇರೆ ಕಳಿಸುತ್ತೇನೆ. ಬೆಚ್ಚಗಿರು, ನೂರು ವರ್ಷ ಬಾಳು.

ನಿನ್ನ ಅಕ್ಕ,
ಈರವ್ವ

ತಾ.ಕ.: ಮಾಮಾರನ್ನು ಹಾಲು ತರಲು ಕಳಿಸಿ ಇದನ್ನು ಬರೆಯುತ್ತಿದ್ದೇನೆ. ಈ ಮನೆಯ ಗೃಹಪ್ರವೇಶದ ದಿನ ಬೆಳಿಗ್ಗೆ ಮುನಿಯಲ್ಲಮ್ಮ ಫೋನ್ ಮಾಡಿದ್ದರು. ಎತ್ತಿದವಳು ನಾನು. ಒಳಗೆ ಗದುಗಿನಿಂದ ಬಂದ ಬೀಗರೆಲ್ಲ ಕೂತಿದ್ದರು, ತವರಿನಿಂದ ನನಗೆ ಆಯೇರಿಯ ಸೀರೆ ಉಡಿಸಲು ಇದ್ದವನು ನೀನೊಬ್ಬನೇ. ನೀನು ಅಳುತ್ತಾ ಎದ್ದು ಓಡಿದರೆ ಸತ್ತವರು ಯಾರು, ಏನು ರೋಗ ಎಂದು ಎಲ್ಲರೂ ಕೇಳುತ್ತಾರೆ. ಲಿಂಗ ಕಟ್ಟಿದ ನಮ್ಮಲ್ಲಿ ಸೂತಕವಿಲ್ಲ ಎಂದು ಬಾಯಲ್ಲಿ ಹೇಳುವವಳು ನಾನು. ಸೀರೆ ಉಟ್ಟೆ, ಹೋಳಿಗೆ ಬಡಿಸಿದೆ, ಐದು ಗಂಟೆಗೆ ನಿನಗೆ ಹೇಳಿದೆ. “ಅವ್ರ ಅವ್ವ ಫೋನ್ ಮಾಡಿದ್ಲು, ಎಲ್ಲಾ ಮುಗದೈತಿ, ನೀ ಬರೂದ ಬ್ಯಾಡ ಅಂದ್ಲು.” ಆ ಮಾತು ಆಕೆಯದಲ್ಲ, ನನ್ನದು. ಅದನ್ನು ನಂಬಿ ನೀನು ಆಕೆಯನ್ನು ಶಪಿಸಿದೆ, ನಿನ್ನನ್ನು ಕರೆಯದೆ ಮಣ್ಣಿಗೆ ಹೋದನೆಂದು ಸರ್ಫರಾಜ್ ಜೊತೆ ಮಾತು ಬಿಟ್ಟೆ, ಊರು ಬಿಟ್ಟೆ. ಆಕೆ ಹೇಳಿದ್ದನ್ನು ಒಂದಕ್ಷರ ಬಿಡದೆ ಈಗ ಬರೆಯುತ್ತೇನೆ, ನಾನು ಮರೆತಿಲ್ಲ: “ನಮ್ ಮಗ ಓಗ್ಬುಟ್ಟ ಕಣವ್ವ. ಶರಣಪ್ಪಂಗೆ ಯೋಳು, ಬಿರ್ನೆ ಬರ್ಲಿ. ಮೊದ್ಲು ಮಣ್ಣು ಅವ್ನ್ ಕೈಯಾಗೇ ಆಕ್ಸು ಅಂತ ಯೋಳೋಗವ್ನೆ. ಅವ್ನು ಬರೋಗಂಟ ನಾನು ಯಾರ್ನೂ ಮುಟ್ಟಕ್ಕೆ ಬುಡಕಿಲ್ಲ.”